ನೆರೆ ಪರಿಹಾರದ ದುಡ್ಡಿನಲ್ಲಿ ಸಿಬ್ಬಂದಿಗೆ ತರಬೇತಿ ಕೊಡಬಹುದೇ?

ಕೊಡಬಹುದು, ಆದರೆ ಅದಕ್ಕೆಂದೇ ತೆಗೆದಿಟ್ಟ ಪಾಲಿನಿಂದ ಮಾತ್ರ. 15ನೇ ಹಣಕಾಸು ಆಯೋಗವು 2021–26ಕ್ಕೆ ರಾಜ್ಯಗಳ ವಿಪತ್ತು ಹಣವನ್ನು ಹೀಗೆ ಹಂಚಿತು: ತುರ್ತು ಪರಿಹಾರಕ್ಕೆ ಶೇ. 40, ಪುನರ್ನಿರ್ಮಾಣಕ್ಕೆ 30, ಅಪಾಯ ತಗ್ಗಿಸುವ ಕೆಲಸಕ್ಕೆ 20, ಪೂರ್ವಸಿದ್ಧತೆ ಮತ್ತು ತರಬೇತಿಗೆ 10. ಪಾಲು ಬೇರೆ ಇಡದಿದ್ದರೆ ನೆರೆ ಬಂದ ವರ್ಷ ಗಂಜಿ ಕೇಂದ್ರ, ಬೆಳೆ ಪರಿಹಾರಕ್ಕೇ ಎಲ್ಲ ಖಾಲಿ. ತರಬೇತಿಗೆ ಬಿಡಿಗಾಸೂ ಉಳಿಯದು.

ಆದರೂ ಒಂದು ತೊಡಕಿದೆ. ದೋಣಿ ಕೊಂಡರೆ ಲೆಕ್ಕಕ್ಕೆ ಸಿಗುತ್ತದೆ, ಫೋಟೊಕ್ಕೂ ಸಿಗುತ್ತದೆ. ನಡುನೀರಿನಲ್ಲಿ ಮೋಟಾರು ನಿಂತರೆ ಹಗ್ಗ ಎಳೆದು ಮತ್ತೆ ಚಾಲೂ ಮಾಡಬಲ್ಲವನು ಮಾತ್ರ ಖರೀದಿಗೆ ಸಿಗುವುದಿಲ್ಲ. ಕಲಿತ ಅಧಿಕಾರಿಗೆ ವರ್ಗವಾದರೆ ಪಾಠ ಮತ್ತೆ ಮೊದಲಿನಿಂದ. ಅದಕ್ಕೇ ಸ್ಥಳೀಯ ಸ್ವಯಂಸೇವಕರಿಗೆ 12 ದಿನ ಕಲಿಸುವ ‘ಆಪದ ಮಿತ್ರ’ದಂಥ ಯೋಜನೆಯೇ ಹೆಚ್ಚು ಬಾಳಿಕೆಯದು.