ಕಾಳಿಯ ಪೀಠದ ಕಲ್ಲು

ಮಾನ್ಯರೇ,

ಸನ್ನತಿಯ ಚಂದ್ರಲಾಂಬೆ ತಮ್ಮ ಮನೆದೇವರೆಂದೂ, ಅಲ್ಲಿನ ಕಾಳಿಯ ಪೀಠವು ಅಶೋಕನ ಶಾಸನವಾಗಿತ್ತೆಂದು ನಾವು ಬರೆದದ್ದರಲ್ಲಿ ಬೌದ್ಧರ ಕಲ್ಲನ್ನು ಕೆಡಿಸಿ ಗುಡಿ ಕಟ್ಟಿದರೆಂಬ ಆರೋಪ ಅಡಗಿದೆಯೆಂದೂ, ದೇವಿಯ ಕಥೆಯನ್ನೇ ನಾವು ಕೈಬಿಟ್ಟೆವೆಂದೂ ತಾವು ನೊಂದು ಬರೆದಿದ್ದೀರಿ.

ಆರೋಪ ನಮ್ಮ ಮನಸ್ಸಿನಲ್ಲಿರಲಿಲ್ಲ. ಕಲಬುರಗಿ ಜಿಲ್ಲೆಯ ಭೀಮಾ ದಂಡೆಯ ಈ ಕ್ಷೇತ್ರದಲ್ಲಿ 1986ರಲ್ಲಿ ಕಾಳಿಗುಡಿಯ ಚಾವಣಿ ಕುಸಿದು ಮೂರ್ತಿ ಭಗ್ನವಾಯಿತು. ಬಿದ್ದ ಕಲ್ಲುಮಣ್ಣು ತೆಗೆಯುವಾಗ ಪೀಠದ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಚಪ್ಪಡಿಯ ಒಂದು ಮೈಯಲ್ಲಿ ಅಶೋಕನ ಹದಿನಾಲ್ಕು ಶಿಲಾಶಾಸನಗಳ ಸಾಲಿನ 12 ಮತ್ತು 14ನೆಯ ಶಾಸನಗಳಿದ್ದರೆ, ಇನ್ನೊಂದು ಮೈಯಲ್ಲಿ ಅದುವರೆಗೆ ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಷ್ಟೇ ದೊರೆತಿದ್ದ, ‘ಎಲ್ಲ ಮನುಷ್ಯರೂ ನನ್ನ ಮಕ್ಕಳು’ ಎಂಬ ಮಾತಿಗೆ ಹೆಸರಾದ ಆ ಸಾಲಿಗೆ ಸೇರದ ಎರಡು ‘ಪ್ರತ್ಯೇಕ ಶಾಸನ’ಗಳಿವೆ. ಮೂರ್ತಿಯನ್ನು ನಿಲ್ಲಿಸಲು ಕಲ್ಲಿನ ನಡುವೆ ಚೌಕವಾಗಿ ಕೊರೆದಿದ್ದಾರೆ. ಸಾಲೊಂದು ಕುಳಿಯ ಅಂಚಿಗೆ ಬಂದು ತುಂಡಾಗಿ, ಆಚೆ ಬದಿಯಲ್ಲಿ ಅರ್ಧ ಪದದಿಂದ ಮತ್ತೆ ಆರಂಭವಾಗುತ್ತದೆ. ನೋಡಿದರೆ ಸಂಕಟವಾಗುವುದು ನಿಜ.

ಆದರೂ ಉಳಿ ಹಿಡಿದವನನ್ನು ಧರ್ಮದ್ವೇಷಿ ಎನ್ನಲು ನಮಗೆ ಮನಸ್ಸು ಬಾರದು. ಬ್ರಾಹ್ಮಿಯನ್ನು ಓದುವ ವಿದ್ಯೆಯೇ ಶತಮಾನಗಳ ಕಾಲ ನಾಡಿನಲ್ಲಿ ಮರೆತುಹೋಗಿತ್ತು. ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಅದನ್ನು ಮತ್ತೆ ಓದಿದ್ದು 1837ರಲ್ಲಿ. ನಮ್ಮ ಕನ್ನಡದ ಅಕ್ಷರಗಳಿಗೂ ತಾಯಿಯಾದ ಆ ಲಿಪಿ ಉಳಿ ಹಿಡಿದವನ ಕಣ್ಣಿಗೆ ಬರಿಯ ಗೀರುಗಳಾಗಿ ಕಂಡಿರಬೇಕು. ಪಕ್ಕದ ಕನಗನಹಳ್ಳಿಯಲ್ಲಿ ‘ರಾಯ ಅಸೋಕೋ’ ಎಂದು ಕೆತ್ತಿದ ಅಶೋಕನ ಉಬ್ಬುಶಿಲ್ಪವಿರುವ ಮಹಾಸ್ತೂಪವೇ ಮಣ್ಣಿನಡಿ ಸೇರಿತ್ತು. ಅಂಥ ಊರಿನಲ್ಲಿ ಹದವಾಗಿ ಕಡಿದ ಹಳೆಯ ಚಪ್ಪಡಿಯೊಂದು ದೇವಿಯ ಪೀಠಕ್ಕೆ ಒದಗಿಬಂದದ್ದರಲ್ಲಿ ಆಶ್ಚರ್ಯವೇನಿದೆ? ತನ್ನ ಮತವನ್ನೇ ಹೊಗಳಿ ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಹೆಚ್ಚು ಕೇಡು ಮಾಡುತ್ತಾನೆಂದು ಹೇಳುವ 12ನೆಯ ಶಾಸನವೇ ಕಾಳಿಯ ಪಾದದ ಕೆಳಗೆ ಪೂಜೆಗೊಳ್ಳುತ್ತಿತ್ತು ಎಂಬುದು ನಮಗೆ ಈ ಕ್ಷೇತ್ರದ ಹಿರಿಮೆಯಾಗಿಯೇ ತೋರುತ್ತದೆ.

ಕಥೆಯ ವಿಷಯದಲ್ಲಿ ಮಾತ್ರ ತಪ್ಪು ನಮ್ಮದೇ. ಋಷಿಪತ್ನಿಯನ್ನು ಬಯಸಿದ ಸೇತುರಾಜ, ಚಂದ್ರಲಾಂಬೆಯ ಮೂಲರೂಪವೆನ್ನುವ ಹಿಂಗುಲಾಂಬೆ ದೇವಿಯ ಮೊರೆಹೊಕ್ಕ ಋಷಿ, ರಾಜನನ್ನು ಅಟ್ಟಿಸಿಕೊಂಡು ಹೋದ ದುಂಬಿಗಳು, ಇವಿಲ್ಲದೆ ಸನ್ನತಿಯ ಲೇಖನ ಪೂರ್ತಿಯಾಗದು. ತಮ್ಮ ಮನೆಯ ಹಿರಿಯರು ಅದನ್ನು ಹೇಗೆ ಹೇಳುತ್ತಿದ್ದರೋ ಹಾಗೆಯೇ ಬರೆದು ಕಳಿಸಿರಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗವಿರಿಸಿದ್ದೇವೆ.

– ಸಂಪಾದಕ