ಗುಲಾಬಿ, ನೀಲಿ ಮತ್ತು ಅಜ್ಜಿಯ ಟ್ರಂಕು: ಒಬ್ಬ ಲೇಖಕರಿಗೆ ಉತ್ತರ

ಮಾನ್ಯರೇ,

ಮಕ್ಕಳ ಬಟ್ಟೆಯ ಬಣ್ಣಗಳಿಗೆ ಗಂಡು, ಹೆಣ್ಣೆಂಬ ಭೇದ ಅಂಟಿಕೊಂಡ ಬಗೆಯನ್ನು ಕುರಿತು ನೀವು ಉಡುಪಿಯಿಂದ ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು.

'1918ರವರೆಗೆ ಗುಲಾಬಿ ಹುಡುಗರ ಬಣ್ಣವಾಗಿತ್ತು, ಆಮೇಲೆ ಎಲ್ಲವೂ ತಿರುವುಮುರುವಾಯಿತು' ಎಂದು ಆರಂಭಿಸಿದ್ದೀರಿ. ಆ ವರ್ಷ ಅಮೆರಿಕದ ಮಕ್ಕಳ ಉಡುಪು ವ್ಯಾಪಾರದ ಪತ್ರಿಕೆಯೊಂದು ಗುಲಾಬಿ ಗಟ್ಟಿ ಬಣ್ಣವಾದ್ದರಿಂದ ಹುಡುಗರಿಗೆ, ನೀಲಿ ನಾಜೂಕಾದ್ದರಿಂದ ಹುಡುಗಿಯರಿಗೆ ಎಂದು ಬರೆದದ್ದು ನಿಜ. ಆದರೆ 1869ರಷ್ಟು ಹಿಂದೆಯೇ 'ಲಿಟಲ್ ವಿಮೆನ್' ಕಾದಂಬರಿಯ ಎರಡನೆಯ ಭಾಗದಲ್ಲಿ ಅವಳಿಗಳ ಪೈಕಿ ಗಂಡಿಗೆ ನೀಲಿ, ಹೆಣ್ಣಿಗೆ ಗುಲಾಬಿ ರಿಬ್ಬನ್ ಕಟ್ಟುವ ಮಾತು ಬರುತ್ತದೆ. 1927ರಲ್ಲಿ ಟೈಮ್ ಪತ್ರಿಕೆ ದೊಡ್ಡ ಅಂಗಡಿಗಳನ್ನು ವಿಚಾರಿಸಿದಾಗಲೂ ಉತ್ತರಗಳು ಒಂದಾಗಿರಲಿಲ್ಲ. ನಿಯಮವೇ ನೆಲೆಗೊಂಡಿರದ ಕಡೆ ಅದು ತಲೆಕೆಳಗಾಯಿತೆಂದು ಹೇಳುವುದು ಹೇಗೆ?

ಅಲ್ಟ್ರಾಸೌಂಡ್ ಬಂದು, ಮಗು ಗಂಡೋ ಹೆಣ್ಣೋ ಎಂಬುದು ಹೆರಿಗೆಗೆ ಮೊದಲೇ ತಿಳಿದು, ಅದಕ್ಕೆ ತಕ್ಕ ಬಣ್ಣ ನೋಡಿ ಬಟ್ಟೆ ಕೊಳ್ಳುವ ರೂಢಿ ಬೆಳೆಯಿತೆಂಬ ವಿವರಣೆ ಅಮೆರಿಕಕ್ಕೆ ಸಲ್ಲುತ್ತದೆ. ಅದನ್ನೇ ನಮ್ಮ ಊರಿಗೂ ಅನ್ವಯಿಸಿದ್ದೀರಿ. ಭ್ರೂಣದ ಲಿಂಗ ತಿಳಿಸುವುದನ್ನು ಇಲ್ಲಿ 1994ರ ಕಾಯಿದೆ ನಿಷೇಧಿಸಿದೆ ಎಂಬುದು ನೆನಪಾಗಲಿಲ್ಲವೇ? ('ಲಿಂಗಾಧಾರಿತ ವರ್ಣನಿರ್ಮಿತಿ' ಎಂಬ ಪದವನ್ನಂತೂ ದಯವಿಟ್ಟು ಕೈಬಿಡಿ. ಅದನ್ನು ದಾಟುವಷ್ಟರಲ್ಲಿ ನನಗೇ ಆಯಾಸವಾಯಿತು.)

1884ರ ಛಾಯಾಚಿತ್ರದಲ್ಲಿ ಮುಂದೆ ಅಮೆರಿಕದ ಅಧ್ಯಕ್ಷನಾದ ಫ್ರಾಂಕ್ಲಿನ್ ರೂಸ್‌ವೆಲ್ಟ್, ಎರಡೂವರೆ ವರ್ಷದ ಹುಡುಗನಾಗಿ, ನೀಳ ಕೂದಲು ಬಿಟ್ಟು ಬಿಳಿಯ ಫ್ರಾಕಿನಲ್ಲಿ ಕುಳಿತಿರುವುದನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಆ ಕಾಲದ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಬಿಳಿಯನ್ನೇ ತೊಡಿಸುತ್ತಿದ್ದುದಕ್ಕೆ ಕಾರಣ ಬಿಳಿ ಹತ್ತಿಬಟ್ಟೆಯನ್ನು ಕುದಿಸಿ ಒಗೆಯಬಹುದೆಂಬುದು. ಇದೇ ಮಾತು ನಿಮ್ಮ ಐದನೆಯ ಪುಟದ ಕೊನೆಯಲ್ಲಿ, ನಿಮಗೇ ಅರಿವಿಲ್ಲದೆ, ಮತ್ತೆ ಬಂದಿದೆ: ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ, ಅಜ್ಜನ ಹಳೆಯ ಪಂಚೆಯನ್ನು ಹರಿದು ಹೊಲಿದ, ಕತ್ತಿನ ಬಳಿ ತೆಂಗಿನೆಣ್ಣೆಯ ಕಲೆ ಉಳಿದಿರುವ ಜಬಲ, ಅದನ್ನು ಮೊದಲು ನಿಮ್ಮ ತಾಯಿ, ಎರಡು ವರ್ಷದ ಬಳಿಕ ನಿಮ್ಮ ಸೋದರಮಾವ ತೊಟ್ಟಿದ್ದರು. ಇಡೀ ಲೇಖನದಲ್ಲಿ ನಿಮ್ಮದೇ ಎನ್ನಬಹುದಾದದ್ದು ಈ ಮೂರು ಸಾಲು.

ಅಲ್ಲಿಂದಲೇ ಆರಂಭಿಸಿ. ರಥಬೀದಿಯ ಹಳೆಯ ಜವಳಿ ಅಂಗಡಿಗಳಿಗೆ ಹೋಗಿ, ಮಗುವಿನ ವಯಸ್ಸಿಗಿಂತ ಮೊದಲು 'ಗಂಡೋ ಹೆಣ್ಣೋ' ಎಂದು ಕೇಳುವ ಪದ್ಧತಿ ತಮ್ಮಲ್ಲಿ ಯಾವಾಗಿನಿಂದ ಬಂತೆಂದು ಹಿರಿಯ ನೌಕರರನ್ನು ವಿಚಾರಿಸಿ. ಆ ಜಬಲವನ್ನೂ ಇನ್ನೊಮ್ಮೆ ತೆಗೆದು ನೋಡಿ; ಅದಕ್ಕಿದ್ದದ್ದು ಗುಂಡಿಯೋ ಲಾಡಿಯೋ ಎಂಬುದನ್ನು ನೀವು ಬರೆದಿಲ್ಲ.

ಇತಿ,
ಸಂಪಾದಕ