ಹನ್ನೊಂದು ಕರೆ, ಒಂದು ಸಂದೇಶ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮಗಳ ಲಗ್ನಪತ್ರಿಕೆ ಕೊಡಲು ಅಣ್ಣ ಮನೆಗೆ ಬಂದುಹೋದ ಮರುವಾರ, ನಲವತ್ತರ ಆಸುಪಾಸಿನ ಶಿಕ್ಷಕಿಯೊಬ್ಬರು ಆಪ್ತಸಲಹೆಗಾಗಿ ನನ್ನಲ್ಲಿಗೆ ಬಂದರು. 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯ ನಡುವೆ, ಪತಿಗೆ ಉಸಿರಾಟ ಕಷ್ಟವಾದ ರಾತ್ರಿ ಅವರು ಅಣ್ಣನಿಗೆ 11 ಬಾರಿ ಕರೆ ಮಾಡಿದ್ದರು. ಅಣ್ಣ ಎತ್ತಲಿಲ್ಲ. ಬೆಳಿಗ್ಗೆ ಬಂದದ್ದು ‘ದೇವರಿದ್ದಾನೆ, ಧೈರ್ಯವಾಗಿರು’ ಎಂಬ ಒಂದೇ ಸಾಲು. ಅದರ ಸ್ಕ್ರೀನ್‌ಶಾಟನ್ನು ಆಕೆ ಇಂದಿಗೂ ಅಳಿಸಿಲ್ಲ. ಅಂದು ಎಲ್ಲಿಂದಲೋ ಆಮ್ಲಜನಕದ ಸಿಲಿಂಡರ್ ಹೊಂದಿಸಿ ಗೂಡ್ಸ್ ಆಟೋದಲ್ಲಿ ತಂದವರು, ನೀರಿನ ವಿಚಾರಕ್ಕೆ ವಾರಕ್ಕೊಮ್ಮೆ ಜಗಳಕ್ಕೆ ನಿಲ್ಲುತ್ತಿದ್ದ ಮನೆ ಮಾಲೀಕರು. ಪತಿ ಬದುಕುಳಿದರು.

“ಆಪತ್ತಿಗಾದವನೇ ನೆಂಟ ಅಂತಾರಲ್ಲ ಮೇಡಂ. ಅಣ್ಣನ ಬಣ್ಣ ಅವತ್ತೇ ಬಯಲಾಯ್ತು. ಈ ಮದುವೆಗೆ ನಾನು ಯಾಕೆ ಹೋಗಬೇಕು?”

ತಂದೆ ಲಕ್ವ ಹೊಡೆದು ಮಲಗಿದ್ದ ಎಂಟು ತಿಂಗಳೂ ಮಲಮೂತ್ರ ಬಳಿದವನು ಇದೇ ಅಣ್ಣ ಎಂಬುದು ಎರಡನೆಯ ಭೇಟಿಯಲ್ಲಿ, ಅದೂ ಬೇರೇನನ್ನೋ ಹೇಳುವಾಗ, ಹೊರಬಿತ್ತು. ಹಾಗಾದರೆ ಇವೆರಡರಲ್ಲಿ ಯಾವುದು ನಿಜಬಣ್ಣ? ಮೈಮುರಿದು ಸೇವೆ ಮಾಡಬೇಕಾದ ಕಷ್ಟದಲ್ಲಿ ಗಟ್ಟಿಯಾಗಿ ನಿಂತವನು ಪ್ರಾಣಭಯ ಎದುರಾದಾಗ ಕುಸಿಯಬಹುದು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಮನೋವಿಜ್ಞಾನಿಗಳಾದ ಡಾರ್ಲಿ ಮತ್ತು ಬ್ಯಾಟ್ಸನ್ ನಡೆಸಿ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾದ್ರಿಗಳಾಗಲು ಓದುತ್ತಿದ್ದವರ ಪೈಕಿ ಸಾಕಷ್ಟು ಸಮಯವಿದ್ದವರಲ್ಲಿ ಶೇ. 63ರಷ್ಟು ಮಂದಿ ದಾರಿಯಲ್ಲಿ ನರಳುತ್ತಿದ್ದವನಿಗೆ ನೆರವಾದರೆ, ತಡವಾಯಿತೆಂದು ಅವಸರಪಡಿಸಲಾದವರಲ್ಲಿ ನೆರವಾದವರು ಶೇ. 10 ಮಾತ್ರ. ಇದನ್ನು ನಾನು ಹೇಳಿದ್ದು ಅಣ್ಣನ ಪರ ವಕಾಲತ್ತು ವಹಿಸಲಿಕ್ಕಲ್ಲ. (ಆ ಮೇ ತಿಂಗಳಲ್ಲಿ ಪರಿಚಿತರೊಬ್ಬರ ಕರೆಯನ್ನು ನಾನೂ ಎತ್ತದೆ ಬಿಟ್ಟಿದ್ದೇನೆ, ಅದನ್ನು ಆಕೆಗೆ ಹೇಳಲಿಲ್ಲ.)

ನೋವು ನುಂಗಿಕೊಂಡು ಮದುವೆಗೆ ಹೋಗುವುದೂ ಬೇಡ, ಸಿಟ್ಟಿನಲ್ಲಿ ತಪ್ಪಿಸುವುದೂ ಬೇಡ ಎಂದೆ. ಅದಕ್ಕೆ ಮೊದಲು, ನೆಂಟರಿಷ್ಟರು ಯಾರೂ ಇಲ್ಲದ ಹೊತ್ತಿನಲ್ಲಿ ಅಣ್ಣನೆದುರು ಕುಳಿತು, ‘ಆ ರಾತ್ರಿ ನೀನು ಫೋನ್ ಎತ್ತಲಿಲ್ಲ, ನಾನು ಒಬ್ಬಳೇ ಆಗಿಬಿಟ್ಟೆ’ ಎಂದಷ್ಟೇ ಹೇಳಿ, ಮುಂದಿನ ಮಾತನ್ನು ಅವನಿಗೇ ಬಿಡುವಂತೆ ಸೂಚಿಸಿದೆ. ಹೆದರಿದಾಗ ಏನು ಮಾಡಿದನೆಂಬುದಕ್ಕಿಂತ, ಹೆದರಿಕೆ ಇಳಿದ ಮೇಲೆ ಅದನ್ನು ಒಪ್ಪಿಕೊಳ್ಳುತ್ತಾನೋ ನೆಪ ಹೇಳುತ್ತಾನೋ ಎಂಬುದರಿಂದ ಮನುಷ್ಯನನ್ನು ಅಳೆಯುವುದು ನನ್ನ ರೂಢಿ. ಒಪ್ಪಿಕೊಂಡರೂ ಇನ್ನೊಂದು ತುರ್ತಿಗೆ ಅವನನ್ನೇ ನೆಚ್ಚಿಕೊಳ್ಳಬೇಕಾಗಿಲ್ಲ ಎಂಬುದನ್ನೂ ಸೇರಿಸಿದೆ.

ಫೋನ್ ಸೈಲೆಂಟ್‌ನಲ್ಲಿತ್ತು ಎಂದೇ ಅಣ್ಣ ಶುರುಮಾಡಿದನಂತೆ. ಆಕೆ ಸುಮ್ಮನೆ ಕುಳಿತಿದ್ದರು. ಸ್ವಲ್ಪ ಹೊತ್ತಿನ ಮೇಲೆ, “ಕೈಯಲ್ಲೇ ಇತ್ತು ಪುಟ್ಟಿ. ಹೆದರಿಬಿಟ್ಟೆ” ಎಂದನಂತೆ. ಆಕೆ ಮದುವೆಗೆ ಹೋಗಿ, ಸೋದರತ್ತೆಯ ಶಾಸ್ತ್ರಗಳನ್ನು ಮುಗಿಸಿ, ರಾತ್ರಿ ಉಳಿಯದೆ ಹಿಂದಿರುಗಿದರು. ತುರ್ತು ಕರೆಗೆಂದು ಫೋನಿನಲ್ಲಿ ಈಗ ಇರುವುದು ಮನೆ ಮಾಲೀಕರ ಸಂಖ್ಯೆ; ನೀರಿನ ಜಗಳ ಮಾತ್ರ ಇನ್ನೂ ಮುಗಿದಿಲ್ಲ.